ಬೀಟೆ ಮರದ ಹಳೆಯ ಹೊಲಿಗೆ ಮೇಜು: ಮೈಸೂರಿನದೋ, ವಿಶಾಖಪಟ್ಟಣದ್ದೋ, ಇಂಗ್ಲೆಂಡಿನದೋ?

ನೂಲುಂಡೆ (ಪ್ರಶ್ನೆ)

ಕುಟುಂಬದಲ್ಲಿ ಉಳಿದುಬಂದಿರುವ ಒಂದು ಹೊಲಿಗೆ ಮೇಜಿನ ಮೂಲ ಗೊತ್ತಾಗಬೇಕಿದೆ. ಹೊಲಿಗೆ ಮಷಿನ್ ಕೂರಿಸುವ ಮೇಜಲ್ಲ ಇದು. ಕೈಹೊಲಿಗೆ, ಕಸೂತಿಯ ಸಾಮಾನು ತುಂಬಿಡುವ, ಮುಚ್ಚಳವಿರುವ ಅಲಂಕಾರದ ಮೇಜು.

ಒಟ್ಟು ಎತ್ತರ 74 ಸೆಂ.ಮೀ. ಮುಚ್ಚಳಕ್ಕೆ ಎಂಟು ಮೂಲೆ, ಅಡ್ಡಳತೆ 44 ಸೆಂ.ಮೀ. ಅದರಡಿ ಸುಮಾರು 9 ಸೆಂ.ಮೀ. ಆಳದ ಪೆಟ್ಟಿಗೆ. ಪೆಟ್ಟಿಗೆಯಿಂದ ಕೆಳಕ್ಕೆ ಲಾಳಿಕೆಯ ಹಾಗೆ ಕಿರಿದಾಗುತ್ತ ಹೋಗುವ ಎಂಟು ಮುಖದ ಟೊಳ್ಳು ಕಂಬ. ಕಂಬದ ಬುಡದಲ್ಲಿ ಕಡೆದ ಗುಂಡು, ಅದರಿಂದ ಹೊರಟ ಮೂರು ಬಾಗಿದ ಕಾಲು. ಮುಚ್ಚಳ ಎತ್ತಿದರೆ ಸುತ್ತಲೂ ಎಂಟು ಖಾನೆ, ನಡುವೆ ಕಂಬದೊಳಕ್ಕೆ ಇಳಿಯುವ ಬಾಯಿ. ಮೂರು ಖಾನೆಗಳಿಗೆ ಪುಟ್ಟ ಮುಚ್ಚಳ, ಎರಡರಲ್ಲಿ ನೆಟ್ಟ ಮರದ ಗೂಟಗಳು. ಒಳಗೆಲ್ಲ ಮಾಸಿದ ನೇರಳೆ ರೇಷ್ಮೆ.

ಮರ ಕಪ್ಪು-ನೇರಳೆ ಬಣ್ಣದ್ದು. ಮುಚ್ಚಳದ ಅಂಚಿಗೆ ಬಿಳಿ ಬಳ್ಳಿ, ನಡುವೆ ಗಂಡಭೇರುಂಡ. ಬಿಳಿ ತುಣುಕುಗಳ ಮೇಲೆ ಕೊರೆದು ಕಪ್ಪು ತುಂಬಿದ ಸಣ್ಣ ಗೆರೆಗಳಿವೆ. ಬಳ್ಳಿಯಲ್ಲಿ ಮೂರು ಎಲೆ ಉದುರಿಹೋಗಿವೆ. ಹಿತ್ತಾಳೆ ಬೀಗದ ಮೇಲೆ ಕಿರೀಟದ ಗುರುತು ಮತ್ತು ಇಂಗ್ಲಿಷಿನಲ್ಲಿ ಪೇಟೆಂಟ್ ಎಂಬ ಪದ.

ಕೊಳ್ಳುವ ಆಸೆಯಿಂದ ನೋಡಿದವರೊಬ್ಬರು ಟಿಪ್ಪು ಕಾಲದ್ದು ಎಂದರು. ಇನ್ನೊಬ್ಬರು ವಿಶಾಖಪಟ್ಟಣದ್ದು ಎಂದರು. ಬೀಗ ನೋಡಿದವರು ಇಂಗ್ಲೆಂಡಿನಿಂದ ಬಂದದ್ದೇ ಎಂದರು. ಯಾವುದನ್ನು ನಂಬುವುದು? ಬಿಳಿಯದು ದಂತವೋ ಮೂಳೆಯೋ? ಉದುರಿದ ಎಲೆಗಳನ್ನು ಕೂರಿಸಬಹುದೇ?

ಹಳೆಮರ

ಟಿಪ್ಪು ಕಾಲದ್ದಾಗಲು ಸಾಧ್ಯವೇ ಇಲ್ಲ. ಇದಕ್ಕೆ ಮರವನ್ನಾಗಲಿ ದಂತವನ್ನಾಗಲಿ ನೋಡಬೇಕಾಗಿಲ್ಲ, ಮೇಜಿನ ಆಕಾರವೇ ಸಾಕು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಆ ಹೊತ್ತಿನ ಯುರೋಪಿಯನ್ ಹೊಲಿಗೆ ಮೇಜು ಎಂದರೆ ನಾಲ್ಕು ಸಪೂರ ಕಾಲು, ಮೇಲೆ ಒಂದು ಡ್ರಾಯರ್, ಅದರಡಿ ಹೊರಕ್ಕೆ ಎಳೆಯಬಹುದಾದ ಚೌಕಟ್ಟಿಗೆ ಕಟ್ಟಿದ ನೆರಿಗೆಯ ರೇಷ್ಮೆ ಚೀಲ. ಮುಗಿಯದ ಹೊಲಿಗೆಯನ್ನು ಆ ಚೀಲಕ್ಕೆ ತುರುಕಿಡುತ್ತಿದ್ದರು. ನಿಮ್ಮದು ಚೀಲದ ಜಾಗಕ್ಕೆ ಟೊಳ್ಳು ಕಂಬ ಬಂದ ಮೇಲಿನ ಮಾದರಿ. ಹಳೆ ಪೀಠೋಪಕರಣದ ವ್ಯಾಪಾರದಲ್ಲಿ ಇದನ್ನು ಟ್ರಂಪೆಟ್ ಮೇಜು ಎನ್ನುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದ ಆಕಾರ ಇದು. 1850ರಿಂದ 1880ರವರೆಗೆ ಇಂಗ್ಲೆಂಡಿನಲ್ಲಿ ಲೆಕ್ಕವಿಲ್ಲದಷ್ಟು ತಯಾರಾದವು, ಬಹುಪಾಲು ವಾಲ್‌ನಟ್ ಮರದಲ್ಲಿ. ಕೆಲವಕ್ಕೆ ಮುಚ್ಚಳದ ಮೇಲೆ ಚದುರಂಗದ ಮನೆಗಳೂ ಇರುತ್ತವೆ. ಅಲ್ಲಿಂದ ಬಂದ ಮೇಜನ್ನೋ ಚಿತ್ರವನ್ನೋ ಮುಂದಿಟ್ಟುಕೊಂಡು ಇಲ್ಲಿನ ಬಡಗಿಗಳು ಮಾಡಿಕೊಟ್ಟರು. ಆಕಾರ ಅಲ್ಲಿ ಹಳೆಯದಾದ ಮೇಲೂ ಇಲ್ಲಿ ಒಂದೆರಡು ದಶಕ ನಡೆಯುತ್ತಿತ್ತು. ಆದ್ದರಿಂದ ನಿಮ್ಮ ಮೇಜಿಗೆ 1850 ಕೆಳಗಿನ ಗಡಿ. ಮೇಲಿನ ಗಡಿಯನ್ನು ಒಳಗಿನ ಸಾಮಾನು ಹೇಳಬೇಕು.

ಖಾನೆಯಲ್ಲಿ ನೆಟ್ಟ ಗೂಟಗಳೂ ಇದನ್ನೇ ಹೇಳುತ್ತವೆ. ನೂಲು ಮೊದಲು ಲಡಿಯಾಗಿ ಬರುತ್ತಿತ್ತು. ಅದನ್ನು ಮುತ್ತಿನ ಚಿಪ್ಪಿನ ಅಥವಾ ದಂತದ ಚಪ್ಪಟೆ ಬಿಲ್ಲೆಗೆ ಸುತ್ತಿಡುತ್ತಿದ್ದರು, ಅದಕ್ಕೆ ಗೂಟ ಬೇಡ. ಗೂಟ ಬೇಕಾದದ್ದು ಮರದ ರೀಲಿನಲ್ಲಿ ಸುತ್ತಿದ ಮಿಲ್ ನೂಲು ಮನೆಮನೆಗೆ ಬಂದ ಮೇಲೆ. ಗೂಟದ ಬುಡ ನೋಡಿ: ಖಾನೆಯ ತಳಕ್ಕೆ ರಂಧ್ರ ಕೊರೆದು ಕೂರಿಸಿದ್ದರೆ ಮೂಲದ್ದು, ರೇಷ್ಮೆಯನ್ನು ಚುಚ್ಚಿ ಆಮೇಲೆ ಅಂಟಿಸಿದ್ದರೆ ನಂತರ ಸೇರಿಸಿದ್ದು.

ಬೀಗದ ಮೇಲೆ ಭರವಸೆ ಇಡಬೇಡಿ. ಬೀಗ, ಹಿಂಜ್, ಸ್ಕ್ರೂ ಎಲ್ಲವೂ ಇಂಗ್ಲೆಂಡಿನಿಂದ ಪೆಟ್ಟಿಗೆಗಟ್ಟಲೆ ಮದ್ರಾಸು, ಮುಂಬಯಿಗೆ ಬಂದಿಳಿಯುತ್ತಿದ್ದವು. ಇಲ್ಲಿನ ಒಳ್ಳೆಯ ಬಡಗಿ ಆಮದು ಬೀಗವನ್ನೇ ಹಾಕುತ್ತಿದ್ದ. ಬೀಗ ಎಲ್ಲಿ ತಯಾರಾಯಿತು ಎನ್ನುವುದು ಮೇಜು ಎಲ್ಲಿ ತಯಾರಾಯಿತು ಎನ್ನುವುದಕ್ಕೆ ಉತ್ತರವಾಗುವುದಿಲ್ಲ.

ಇಂಗ್ಲೆಂಡೋ ಇಲ್ಲಿಯದೋ ಎಂದು ಬಿಡಿಸುವ ಖಚಿತ ಜಾಗ ಮುಚ್ಚಳದ ಅಂಚು. ಅಲ್ಲಿನವರಿಗೆ ಬೀಟೆಯಂಥ ಮರ ಆಮದಿನ ದುಬಾರಿ ಸರಕು. ಪೈನ್ ಅಥವಾ ಮಹಾಗನಿಯ ಮೈಮೇಲೆ ಒಂದೆರಡು ಮಿ.ಮೀ. ದಪ್ಪದ ವೆನಿಯರ್ ಅಂಟಿಸುತ್ತಿದ್ದರು. ಇಲ್ಲಿ ಬೀಟೆ ಕಾಡಿನಿಂದ ಬರುತ್ತಿತ್ತು, ಮಳೆ-ಬಿಸಿಲಿಗೆ ವೆನಿಯರ್ ಎದ್ದುಬರುತ್ತದೆ ಎಂಬುದೂ ಬಡಗಿಗೆ ಗೊತ್ತಿತ್ತು, ಹಾಗಾಗಿ ಸಾಮಾನ್ಯವಾಗಿ ಇಡೀ ಹಲಗೆಯನ್ನೇ ಬಳಸಿದ. ಮುಚ್ಚಳದ ಮೇಲಿನ ಎಳೆ ಅಂಚಿಗೆ ಇಳಿದಾಗ ಅದೇ ಗೆರೆ ಮುಂದುವರಿದರೆ ಗಟ್ಟಿ ಮರ. ಅಂಚಿನಲ್ಲಿ ಕೂದಲೆಳೆಯ ಗೆರೆ ಕಂಡು, ಅದರ ಕೆಳಗೆ ಬೇರೆ ಬಣ್ಣದ ಮರ ಕಂಡರೆ ವೆನಿಯರ್.

ಇವಿಷ್ಟು ನೋಡಿ ಹೇಳಿ: ಅಂಚಿನ ಎಳೆ, ಹಿಂಜಿನ ಒಂದು ಸ್ಕ್ರೂವಿನ ತುದಿ, ಕಾಲುಗಳ ಅಡಿಭಾಗ, ಕಂಬ ಬುಡಕ್ಕೆ ಸೇರುವ ಜಾಗ. ಸ್ಕ್ರೂ ಬಿಚ್ಚುವಾಗ ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರ್ ಬಳಸಿ. ಕಿರಿದಾದದ್ದು ಹಿತ್ತಾಳೆ ತಲೆಯನ್ನು ಹರಿದುಹಾಕುತ್ತದೆ.

ದಂತಪೆಟ್ಟಿಗೆ

ವಿಶಾಖಪಟ್ಟಣವನ್ನು ಇಷ್ಟು ಬೇಗ ಬಿಡಬಾರದು. ಬಿಳಿಯ ಮೇಲೆ ಕೊರೆದು ಕಪ್ಪು ಅರಗು ತುಂಬುವುದು ಅಲ್ಲಿನವರ ಹೆಗ್ಗುರುತು. ಬಳ್ಳಿಯ ಅಂಚು ಕೂಡ ಅಲ್ಲಿನದೇ ಚಾಳಿ.

ಉಳಿಕೆಲಸ

ಗೆರೆ ಕೊರೆದು ಕಪ್ಪು ತುಂಬುವುದು ವಿಶಾಖಪಟ್ಟಣದಲ್ಲಿ ಮಾತ್ರ ಇದ್ದದ್ದಲ್ಲ, ಮೈಸೂರಿನಲ್ಲೂ ಇದೆ. ಎಲೆಯ ನರ, ಹಕ್ಕಿಯ ಗರಿ, ಆನೆಯ ಕಣ್ಣು ಎಲ್ಲವನ್ನೂ ಹಾಗೆಯೇ ತೋರಿಸುವುದು. ನೋಡಬೇಕಾದದ್ದು ಬಿಳಿ ತುಣುಕು ಮರದೊಳಗೆ ಹೇಗೆ ಕೂತಿದೆ ಎಂಬುದನ್ನು.

ವಿಶಾಖಪಟ್ಟಣದ ಕೆಲಸದಲ್ಲಿ ಕಾಲಕ್ಕೆ ತಕ್ಕ ಹಂತಗಳಿವೆ. 18ನೇ ಶತಮಾನದ ಮೊದಲ ಭಾಗದಲ್ಲಿ ಬೀಟೆ, ಕರಿಮರಗಳಲ್ಲಿ ದಂತದ ಬಳ್ಳಿಗಳನ್ನು ಕೂರಿಸಿದರು. ಆ ಶತಮಾನದ ಕೊನೆಗೆ ಬರುವಷ್ಟರಲ್ಲಿ ಶ್ರೀಗಂಧದ ಮೈಗೆ ದಂತದ ತೆಳು ಹಾಳೆಯನ್ನೇ ಪೂರ್ತಿ ಹೊದಿಸಿ ಅದರ ಮೇಲೆ ಚಿತ್ರ ಕೊರೆಯುವುದಕ್ಕೆ ತಿರುಗಿದ್ದರು. 19ನೇ ಶತಮಾನದಲ್ಲಿ ಅಲ್ಲಿಂದ ಹೊರಟದ್ದು ಹೆಚ್ಚಾಗಿ ಪೆಟ್ಟಿಗೆಗಳು: ಕೊಂಬು, ಆಮೆಚಿಪ್ಪು, ಮುಳ್ಳುಹಂದಿ ಮುಳ್ಳು, ದಂತದ ಪಟ್ಟಿ. ಹಳೆಮರ ಅವರು ಹೇಳಿದ ಆಕಾರ 1850ರ ನಂತರದ್ದಾದರೆ, ಅಷ್ಟರಲ್ಲಿ ಬೀಟೆಯೊಳಗೆ ಬಳ್ಳಿ ಕೂರಿಸುವ ಕೆಲಸ ವಿಶಾಖಪಟ್ಟಣದಲ್ಲಿ ಹಿಂದೆ ಸರಿದಿತ್ತು. ಆಕಾರದ ಕಾಲವೂ ಅಲಂಕಾರದ ಕಾಲವೂ ಅಲ್ಲಿ ಹೊಂದುವುದಿಲ್ಲ.

ಮುಂಬಯಿಯ ಸಾದೇಲಿ ಇದಲ್ಲ. ಅದರಲ್ಲಿ ದಂತ, ತವರ, ಕರಿಮರ, ಪತಂಗದ ಮರ ಇವುಗಳ ಕಡ್ಡಿಗಳನ್ನು ಕಟ್ಟಾಗಿ ಅಂಟಿಸಿ, ಕಟ್ಟನ್ನು ಅಡ್ಡಡ್ಡ ತೆಳ್ಳಗೆ ಕೊಯ್ದು, ಬಂದ ಬಿಲ್ಲೆಗಳನ್ನು ಮೈಗೆ ಅಂಟಿಸುತ್ತಾರೆ. ನಕ್ಷತ್ರ, ಷಟ್ಕೋನಗಳ ಸಣ್ಣ ಜಾಲ ಬರುತ್ತದೆ, ಗಂಡಭೇರುಂಡ ಬರುವುದಿಲ್ಲ.

ಪಂಜಾಬಿನ ಹೋಶಿಯಾರ್‌ಪುರದ ಕಡೆ ಯೋಚಿಸಬೇಕಾದದ್ದು ನ್ಯಾಯ. ಅಲ್ಲಿಯೂ ಎಂಟು ಮೂಲೆಯ ಮೇಜುಗಳು, ದಂತ ಮತ್ತು ಮೂಳೆಯ ಕೂರಿಕೆ ಇವೆ. ಆದರೆ ಅವು ಶೀಶಮ್ ಮರದವು. ಬಣ್ಣ ಹೊಂಬಣ್ಣದ ಕಂದು, ಬೀಟೆಯ ನೇರಳೆ ಛಾಯೆ ಇಲ್ಲ. ಮೈತುಂಬ ಒತ್ತೊತ್ತಾಗಿ ಹೂಬಳ್ಳಿ ಹರಡುತ್ತಾರೆ, ಬರಿ ಮರ ಕಾಣುವುದೇ ಕಡಿಮೆ. ಕಾಲುಗಳ ಜಾಗದಲ್ಲಿ ಕಮಾನು ಕೊರೆದ ಮಡಚುವ ಹಲಗೆಗಳಿರುವುದು ಹೆಚ್ಚು. ನಿಮ್ಮ ಮುಚ್ಚಳದಲ್ಲಿ ಅಂಚು ಮತ್ತು ನಡು ಬಿಟ್ಟು ಉಳಿದದ್ದು ಖಾಲಿ ಎಂದಾದರೆ ಅದು ಮೈಸೂರಿನ ಹದ. ಬೀಟೆಯ ಎಳೆಯೇ ಹಿನ್ನೆಲೆಯಾಗಿ ನಿಲ್ಲಬೇಕು ಎಂಬುದು ಆ ಕೆಲಸದ ಜೀವ.

ಮೈಸೂರಿನ ಕ್ರಮ ಹೀಗೆ. ಚಿತ್ರವನ್ನು ಕಾಗದದಿಂದ ದಂತದ ಹಾಳೆಗೆ ಇಳಿಸಿ, ಸಣ್ಣ ಹಲ್ಲಿನ ಗರಗಸದಲ್ಲಿ ಕತ್ತರಿಸಿ, ತುಣುಕುಗಳನ್ನು ಮರದ ಮೇಲಿಟ್ಟು ಸುತ್ತ ಸೂಜಿಮೊನೆಯಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆಯೊಳಗೆ ಉಳಿಯಿಂದ ಗುಳಿ ತೋಡಿ, ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಮರದ ಮಟ್ಟಕ್ಕೆ ಉಜ್ಜಿ, ಕೊನೆಗೆ ಗೆರೆ ಕೊರೆದು ಕಪ್ಪು ತುಂಬಿ ಪಾಲಿಶ್ ಮಾಡುತ್ತಾರೆ. ಉದುರಿದ ಎಲೆಯ ಗುಳಿಯನ್ನು ಮಸೂರದಲ್ಲಿ ನೋಡಿ: ತಳದಲ್ಲಿ ಉಳಿಯ ಸಣ್ಣ ಮೆಟ್ಟಿಲುಗಳು, ಅಂಚಿನಲ್ಲಿ ಸೂಜಿಗೆರೆ ಒಂದೆರಡು ಕಡೆ ಗುಳಿಯನ್ನು ದಾಟಿ ಹೋಗಿರುವುದು ಕಂಡರೆ ಕೈಕೆಲಸ. ತಳ ನುಣ್ಣಗೆ, ಮೂಲೆಗಳೆಲ್ಲ ಒಂದೇ ಅಳತೆಯ ಗುಂಡಗೆ ಇದ್ದರೆ ರೂಟರ್ ಎಂಬ ಮರ ತೋಡುವ ಯಂತ್ರದ ಈಚಿನ ಕೆಲಸ.

ಗಂಡಭೇರುಂಡ ಇದೆ ಎಂದ ಮಾತ್ರಕ್ಕೆ ಅರಮನೆಯದು ಎಂದು ಹೇಳಬೇಡಿ. ಒಡೆಯರ ಲಾಂಛನ ಹೌದು, ಆದರೆ ಮಾರಾಟದ ತಟ್ಟೆ, ಟೀಪಾಯಿ, ಪೆಟ್ಟಿಗೆಗಳ ಮೇಲೂ ಅದನ್ನು ಧಾರಾಳವಾಗಿ ಕೂರಿಸಿದ್ದಾರೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರೊಳಗಿನ ಅಂಬಾವಿಲಾಸ ಸಭಾಂಗಣದ ಬೀಟೆ ಬಾಗಿಲುಗಳ ದಂತದ ಕೆಲಸ ಆ ಕಾಲದ್ದು. ನಿಮ್ಮ ಹಕ್ಕಿಯ ಗರಿಯ ಗೆರೆಗಳನ್ನು ಆ ಬಾಗಿಲುಗಳ ಗೆರೆಗಳ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಹೋಲಿಕೆ. ಹಳ್ಳಿಯ ದೃಶ್ಯ, ಎತ್ತಿನ ಗಾಡಿ, ಹಲವು ಬಣ್ಣದ ಮರಗಳ ಚಿತ್ರ ಇದ್ದಿದ್ದರೆ ಕಾಲವನ್ನು ಇನ್ನೂ ಈಚೆಗೆ ತರಬೇಕಾಗುತ್ತಿತ್ತು.

ದಂತವೋ ಮೂಳೆಯೋ ತಿಳಿಯಲು ಕಾದ ಸೂಜಿ ಮುಟ್ಟಿಸಬೇಡಿ. ತುಣುಕು ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ, ದಂತವಾಗಿದ್ದರೆ ಅಳಿಸಲಾಗದ ಕಲೆ ಉಳಿಯುತ್ತದೆ. 10 ಪಟ್ಟು ಹಿಗ್ಗಿಸುವ ಮಸೂರ, ಓರೆಯಾಗಿ ಬೀಳುವ ಬೆಳಕು ಇಷ್ಟೇ ಸಾಕು. ಮೂಳೆಯಲ್ಲಿ ರಕ್ತನಾಳ ಹಾದುಹೋದ ಸಣ್ಣ ತೂತುಗಳಿರುತ್ತವೆ, ಕೊಳೆ ತುಂಬಿ ಕಂದು ಚುಕ್ಕೆ ಅಥವಾ ಕಿರುಗೀಟಾಗಿ ಕಾಣುತ್ತವೆ. ದಂತದಲ್ಲಿ ಚುಕ್ಕೆ ಇಲ್ಲ. ಅಡ್ಡ ಕೊಯ್ದ ತುಣುಕಿನಲ್ಲಿ ಒಂದನ್ನೊಂದು ದಾಟುವ ಗೆರೆಗಳು ಬರುತ್ತವೆ. ಆನೆಯ ದಂತದಲ್ಲಿ, ಅದರಲ್ಲೂ ಹೊರಮೈ ಕಡೆ, ಈ ಗೆರೆಗಳು ಅಗಲವಾದ ಕೋನದಲ್ಲಿ ಸೇರುತ್ತವೆ, ಸುಮಾರು 115 ಡಿಗ್ರಿಗಿಂತ ಹೆಚ್ಚು. ಕೂರಿಕೆ ತುಣುಕುಗಳನ್ನು ಉದ್ದಕ್ಕೆ ಕೊಯ್ಯುವುದೇ ಹೆಚ್ಚಾದ್ದರಿಂದ ನಿಮಗೆ ಅವು ಕಾಣದಿರಬಹುದು, ಬರೀ ಅಲೆಯಂಥ ಮಸುಕು ಎಳೆ ಕಂಡೀತು. ಪ್ಲಾಸ್ಟಿಕ್‌ಗೆ ಎಳೆಯೇ ಇಲ್ಲ, ಇದ್ದರೂ ಅಳತೆಪಟ್ಟಿ ಇಟ್ಟು ಎಳೆದಷ್ಟು ಸಮ. 365 ನ್ಯಾನೋಮೀಟರಿನ ನೇರಳಾತೀತ ಟಾರ್ಚಿನಡಿ ದಂತವೂ ಮೂಳೆಯೂ ನೀಲಿಬಿಳುಪಾಗಿ ಹೊಳೆಯುತ್ತವೆ, ಹಾಗಾಗಿ ಆ ಟಾರ್ಚು ಪ್ಲಾಸ್ಟಿಕ್ ಹಿಡಿಯಲು ಮಾತ್ರ ಉಪಯೋಗ.

ನೂಲುಂಡೆ

ನೋಡಿದ್ದನ್ನು ಬರೆಯುತ್ತೇನೆ. ಅಂಚಿನಲ್ಲಿ ಎಳೆ ಮುಂದುವರಿದಿದೆ, ವೆನಿಯರ್ ಇಲ್ಲ. ಹಿಂಜಿನ ಸ್ಕ್ರೂವಿಗೆ ಚೂಪು ತುದಿ. ಗುಳಿಗಳ ತಳದಲ್ಲಿ ಉಳಿಯ ಗುರುತು ಸ್ಪಷ್ಟ. ಬಿಳಿ ತುಣುಕುಗಳಲ್ಲಿ ಹೆಚ್ಚಿನವಕ್ಕೆ ಮಸುಕು ಎಳೆ ಇದೆ, ಚುಕ್ಕೆ ಇಲ್ಲ. ಅಂಚಿನ ನಾಲ್ಕು ಎಲೆಗಳಲ್ಲಿ ಕಂದು ಚುಕ್ಕೆಗಳಿವೆ. ಎರಡು ಎಲೆ ಪೂರಾ ಸಮ ಬಣ್ಣ, ಟಾರ್ಚಿನಡಿ ಹೊಳೆಯುವುದಿಲ್ಲ.

ಕಾಲುಗಳ ಅಡಿಯಲ್ಲಿ ಮರ ತಿಳಿಗಂದು, ಮೇಲಿನದಕ್ಕಿಂತ ಹಗುರ ಅನಿಸುತ್ತದೆ. ಬಣ್ಣ ಬಳಿದ ಹಾಗಿದೆ. ಕಂಬದ ತಳದಲ್ಲಿ ಈಗಿನ ಬೋಲ್ಟಿನ ಪಕ್ಕ, ಮರದ ಬೆಣೆ ಹೊಡೆದು ಮುಚ್ಚಿದ ಮೂರು ಹಳೆಯ ತೂತುಗಳಿವೆ.

ಒಂದು ಖಾನೆಯ ರೇಷ್ಮೆ ತಾನಾಗಿ ಬಿಟ್ಟುಕೊಂಡಿದೆ. ಕೆಳಗೆ ಲೆಕ್ಕದ ಹಾಳೆ, ಕನ್ನಡ ಅಂಕಿಗಳು, ರೂಪಾಯಿ-ಆಣೆ-ಪೈ ಎಂದು ಮೂರು ಸಾಲು. ಮಡಿಕೆಯೊಳಗೆ ರೇಷ್ಮೆಯ ಬಣ್ಣ ಕಣ್ಣು ಕುಕ್ಕುವ ನೇರಳೆ.

ಹಳೆಮರ

ಬಹಳ ಒಳ್ಳೆಯ ವಿವರ. ಮೇಲ್ಭಾಗವೂ ಕಾಲುಗಳೂ ಒಂದೇ ಮೇಜಿನವಲ್ಲ.

ಈ ಮಾದರಿಯ ಮೇಜು ಸೋಲುವುದೇ ಆ ಜಾಗದಲ್ಲಿ. ಎಂಟು ಖಾನೆಯ ಪೆಟ್ಟಿಗೆ, ಗಟ್ಟಿ ಬೀಟೆಯ ಮುಚ್ಚಳ, ಎಲ್ಲ ಭಾರವೂ ಮೇಲೆ. ಅದನ್ನು ಹೊರುವುದು ಕಂಬದ ಸಪೂರ ತುದಿ. ಮುಚ್ಚಳ ತೆರೆದು ಹಿಂದಕ್ಕೆ ಬಿಟ್ಟಾಗ ಭಾರ ಹಿಂದಕ್ಕೆ ವಾಲುತ್ತದೆ. ಎಳೆಯ ಉದ್ದಕ್ಕೆ ಸೀಳು ಬಂದು ಒಂದು ಕಾಲು ಹೋದರೆ ಮೂರೂ ಹೋದಂತೆಯೇ, ಬಡಗಿ ಹೊಸ ಬುಡವನ್ನೇ ಮಾಡುತ್ತಾನೆ. ಬೆಣೆ ಹೊಡೆದ ಮೂರು ತೂತು ಹಳೆಯ ಬುಡದ ಜೋಡಣೆಯವು. ಈಗಿನ ಬುಡ ತೇಗವೋ ಶೀಶಮ್ಮೋ ಆಗಿರಬಹುದು, ಬೀಟೆಯ ಬಣ್ಣ ಬಳಿದಿದ್ದಾರೆ. ಕಣ್ಣಿಗೆ ಬೀಳದ ಕಡೆ ಹತ್ತಿಗೆ ಒಂದು ಹನಿ ಸ್ಪಿರಿಟ್ ತಾಗಿಸಿ ಒತ್ತಿ: ಬಣ್ಣ ಹತ್ತಿಗೆ ಬಂದು ಮೈ ಅಂಟಂಟಾದರೆ ಅರಗಿನ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ತಿನ್ನರ್‌ಗೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅದು 1920ರ ದಶಕದ ನಂತರದ್ದು. ಎರಡಕ್ಕೂ ಜಗ್ಗದಿದ್ದರೆ ಇನ್ನೂ ಈಚಿನ ಮೆಲಮೈನ್ ಇರಬೇಕು. ಮುಚ್ಚಳದ ಕೆಳಮೈಯಲ್ಲೂ ಇದೇ ಪರೀಕ್ಷೆ ಮಾಡಿ. ಎರಡು ಉತ್ತರ ಬೇರೆಯಾದರೆ ಬುಡ ಬೇರೆ ಕಾಲದ್ದು ಎಂಬುದಕ್ಕೆ ಇನ್ನೊಂದು ಸಾಕ್ಷಿ. ಮೇಲ್ಮೈಯಲ್ಲಿ, ದಂತದ ಹತ್ತಿರ, ಈ ಪರೀಕ್ಷೆ ಬೇಡವೇ ಬೇಡ.

ಚೂಪು ತುದಿಯ ಸ್ಕ್ರೂ ಎಂದರೆ 1850ರ ಈಚೆ. ಅದಕ್ಕೂ ಹಿಂದಿನವು ಮೊಂಡು. ಚೂಪು ತುದಿಯನ್ನು ಯಂತ್ರದಲ್ಲಿ ತೆಗೆಯುವ ಅಮೆರಿಕದ ಪೇಟೆಂಟನ್ನು ಇಂಗ್ಲೆಂಡಿನ ಸ್ಕ್ರೂ ತಯಾರಕರಾದ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್ 1854ರಲ್ಲಿ ಬರ್ಮಿಂಗ್‌ಹ್ಯಾಮ್ ಕಡೆಗೆ ತಂದರು. ಬ್ರಿಟಿಷ್ ಸ್ಕ್ರೂಗಳಲ್ಲಿ ಅದು ಸಾಮಾನ್ಯವಾದದ್ದು ಆಮೇಲೆ. ಎಲ್ಲ ಸ್ಕ್ರೂಗಳೂ ಒಂದೇ ತರಹ ಇವೆಯೇ, ಹಿಂಜಿನ ಕೆಳಗೆ ಬೇರೆ ಹಿಂಜಿನ ಅಚ್ಚು ಇದೆಯೇ ಎಂದೂ ನೋಡಿಕೊಳ್ಳಿ.

ರೇಷ್ಮೆಯ ಕಣ್ಣು ಕುಕ್ಕುವ ನೇರಳೆ ಕಾರ್ಖಾನೆ ಬಣ್ಣದಂತೆ ತೋರುತ್ತದೆ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಮೊದಲ ಅನಿಲಿನ್ ನೇರಳೆಯನ್ನು, ಅಂದರೆ ರಾಸಾಯನಿಕವಾಗಿ ಮಾಡಿದ ನೇರಳೆ ಬಣ್ಣವನ್ನು, ಕಂಡುಕೊಂಡದ್ದು 1856ರಲ್ಲಿ. ಬೆಳಕಿಗೆ ಬೇಗ ಮಾಸುವುದು, ಮಡಿಕೆಯಲ್ಲಿ ಮಾತ್ರ ಉಳಿಯುವುದು ಆ ಬಣ್ಣಗಳ ಸ್ವಭಾವ. ಲೆಕ್ಕದ ಹಾಳೆ ಇನ್ನೂ ಬೆಲೆಯುಳ್ಳದ್ದು. ಒಳಪದರವನ್ನು ಕನ್ನಡ ಬರೆಯುವ ಊರಿನಲ್ಲಿ ಹಾಕಿದರು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಆದರೆ ಅದು ಒಳಪದರದ ಮಾತು, ಮೇಜಿನದಲ್ಲ: ಪದರವನ್ನು ಆಮೇಲೂ ಬದಲಿಸಿರಬಹುದು. ಆಣೆ-ಪೈ ಲೆಕ್ಕ 1957ರ ಏಪ್ರಿಲ್‌ವರೆಗೂ ನಡೆದಿತ್ತು. ಖಾನೆಯ ಮೂಲೆಗಳಲ್ಲಿ ಹಳೆಯ ಮೊಳೆತೂತು, ಹಳೆ ಅಂಟಿನ ಎರಡನೆಯ ಪದರ, ಬೇರೆ ಬಣ್ಣದ ನೂಲಿನ ಚೂರು ಇವೆಯೇ ಹುಡುಕಿ. ಇಲ್ಲದಿದ್ದರೆ ಪದರ ಮೊದಲಿನದು, ಹಾಳೆ ಮೇಜಿನ ಹುಟ್ಟಿಗೂ ಸಾಕ್ಷಿ. ರೇಷ್ಮೆ ಎಬ್ಬಿಸಿ ಓದಲು ಹೋಗಬೇಡಿ. ಬಿಟ್ಟುಕೊಂಡಿರುವ ಮೂಲೆಯ ಸಂದಿನಿಂದ ಫೋಟೋ ತೆಗೆಯಿರಿ, ತೇದಿಯೋ ಮಂಡಿಯ ಹೆಸರೋ ಸಿಕ್ಕರೆ ಸಿಗಲಿ.

ಈಗಿರುವ ಸಾಕ್ಷಿಯ ಮೇಲೆ ನನ್ನ ಬರಹ ಹೀಗಿರುತ್ತದೆ: ಮೇಲ್ಭಾಗ ದಕ್ಷಿಣ ಭಾರತ, ಬಹುಶಃ ಮೈಸೂರು, 1870–1910. ಬುಡ ನಂತರದ್ದು. "ಬಹುಶಃ" ಎಂಬುದನ್ನು ಯಾರು ಒತ್ತಾಯಿಸಿದರೂ ತೆಗೆಯಬೇಡಿ.

ದಂತಪೆಟ್ಟಿಗೆ

ಉಳಿಯ ಗುರುತು, ಲೆಕ್ಕದ ಹಾಳೆ ಎರಡನ್ನೂ ಸೇರಿಸಿದರೆ ಮೈಸೂರಿನ ಪಕ್ಷವೇ ಬಲವಾಗಿದೆ, ಒಪ್ಪುತ್ತೇನೆ. ಮೂಳೆಯ ನಾಲ್ಕು ಎಲೆ ಮತ್ತು ಪ್ಲಾಸ್ಟಿಕ್ಕಿನ ಎರಡು ಎಲೆ ರಿಪೇರಿಯವೇ?

ಉಳಿಕೆಲಸ

ಪ್ಲಾಸ್ಟಿಕ್ಕಿನವು ಖಂಡಿತ ರಿಪೇರಿ. ಮೂಳೆಯವು ಎರಡೂ ಆಗಬಹುದು. ದಂತ ಸಾಲದಾದಾಗ ಅಂಚಿನ ಸಣ್ಣ ಎಲೆಗಳಿಗೆ ಮೂಳೆ ಹಾಕಿ, ನಡುವಿನ ದೊಡ್ಡ ಚಿತ್ರಕ್ಕೆ ದಂತ ಉಳಿಸಿಕೊಳ್ಳುತ್ತಿದ್ದರು. ಮೂಳೆಯಿಂದ ಅಗಲದ ಹಾಳೆ ಸಿಗುವುದಿಲ್ಲ, ಎಲೆಗೆ ಸಾಕು. ಆ ನಾಲ್ಕರ ನರದ ಗೆರೆ ಉಳಿದವುಗಳ ಕೈಯದೇ ಆಗಿದ್ದರೆ, ಗೆರೆಗಳ ನಡುವಿನ ಅಂತರ, ಗೆರೆಯ ತುದಿಯನ್ನು ಎತ್ತಿದ ರೀತಿ ಒಂದೇ ಆಗಿದ್ದರೆ, ಮೂಲದವು.

ಕಡತ

ಕಾಯಿದೆಯ ಕಡೆಯನ್ನು ಯಾರೂ ಹೇಳಿಲ್ಲ, ಇದನ್ನು ಮೊದಲು ಓದಿಕೊಳ್ಳಿ. ವಸ್ತು ನೂರು ವರ್ಷ ಹಳೆಯದಾಗಿದ್ದರೂ ದಂತ ದಂತವೇ. ಭಾರತದ ಆನೆಯ ದಂತದ ವ್ಯಾಪಾರವನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆ, 1972ಕ್ಕೆ 1986ರಲ್ಲಿ ತಂದ ತಿದ್ದುಪಡಿ ನಿಷೇಧಿಸಿತು, ಆಫ್ರಿಕದ ದಂತವನ್ನು 1991ರದು. ಮಾರುವುದು, ಕೊಳ್ಳುವುದು, ಮಾರಾಟಕ್ಕೆಂದು ಫೋಟೋ ಹಾಕುವುದು ಯಾವುದೂ ಬೇಡ. ಕೊಳ್ಳಲು ಬಂದವರಿಗೆ ಇದನ್ನೇ ಹೇಳಿ ಕಳಿಸಿ.

ವಾರಸಿನಿಂದ ಬಂದದ್ದಕ್ಕೆ 40ನೇ ಕಲಮಿನಡಿ ದಾರಿ ಇದೆ. ಬಂದ 90 ದಿನದೊಳಗೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು, ಒಡೆತನದ ಪ್ರಮಾಣಪತ್ರ ಕೊಡುವವರೂ ಅವರೇ. ಕರ್ನಾಟಕದಲ್ಲಿ ಅವರ ಕಚೇರಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಅವಧಿ ದಾಟಿದ್ದರೆ, ಅಥವಾ ಹಿಂದಿನವರ ಹೆಸರಲ್ಲಿ ಪ್ರಮಾಣಪತ್ರವೇ ಇಲ್ಲದಿದ್ದರೆ, ವಕೀಲರನ್ನು ಕಂಡು ಆಮೇಲೆ ಕಚೇರಿಗೆ ಹೋಗಿ. ಫೋಟೋ, ಅಳತೆ, ಯಾವ ತುಣುಕು ದಂತ ಯಾವುದು ಮೂಳೆ ಎಂಬ ನಕ್ಷೆ ಕೈಯಲ್ಲಿರಲಿ.

ಹೊರದೇಶದಲ್ಲಿರುವ ಮಕ್ಕಳಿಗೆ ಕಳಿಸುವ ಯೋಚನೆಯಿದ್ದರೆ ಅದನ್ನೂ ಬಿಡಬೇಕು. ದಂತದ ತಡೆ ಒಂದು ಕಡೆ. ಇನ್ನೊಂದು ಕಡೆ, ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ರಫ್ತು ಮಾಡುವುದಕ್ಕೆ 1972ರ ಪುರಾವಸ್ತು ಕಾಯಿದೆಯಲ್ಲಿ ಅವಕಾಶವಿಲ್ಲ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ 2017ರಿಂದ ಸೈಟಿಸ್ ಪಟ್ಟಿಯಲ್ಲಿವೆ, ಅಂದರೆ ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. ಬ್ರಿಟನ್ನಿನಲ್ಲೂ 2022ರ ಜೂನ್‌ನಿಂದ ದಂತದ ವ್ಯಾಪಾರ ತಡೆಯುವ ಕಾಯಿದೆ ಜಾರಿಯಲ್ಲಿದೆ.

ಉಳಿಕೆಲಸ

ಉದುರಿದ ಮೂರು ಎಲೆಗಳ ವಿಷಯ. ದಂತದ ತುಣುಕು ಎಲ್ಲಿಯೂ ಹುಡುಕಬೇಡಿ, ಕಾರಣ ಕಡತ ಅವರು ಬರೆದಿದ್ದಾರೆ. ಒಂಟೆ ಅಥವಾ ಎಮ್ಮೆಯ ಮೂಳೆಯ 1.5 ಮಿ.ಮೀ. ಹಾಳೆ ಸಾಕು.

ಗುಳಿಯ ಮೇಲೆ ತೆಳುಕಾಗದ ಇಟ್ಟು ಮೆದು ಪೆನ್ಸಿಲಿನ ಮಗ್ಗುಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಅಚ್ಚನ್ನು ಮೂಳೆಗೆ ಅಂಟಿಸಿ ಗೆರೆಯ ಹೊರಬದಿಯಲ್ಲಿ ಕತ್ತರಿಸಿ, ಸಣ್ಣ ಅರದಿಂದ ಉಜ್ಜಿ ಗುಳಿಗೆ ಹೊಂದಿಸಿ. ಹೊಂದಿಸುವುದೆಲ್ಲ ಎಲೆಯನ್ನೇ, ಗುಳಿಯನ್ನು ಒಂದು ಕೂದಲಷ್ಟೂ ದೊಡ್ಡದು ಮಾಡಬಾರದು. ಎತ್ತರವನ್ನೂ ಕೂರಿಸುವ ಮೊದಲೇ ಸರಿಮಾಡಿಕೊಳ್ಳಿ. ಹೊಸ ಕೆಲಸದಲ್ಲಿ ಕೂರಿಸಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಉಜ್ಜುತ್ತಾರೆ. ಹಳೆಯದರಲ್ಲಿ ಹಾಗೆ ಮಾಡಿದರೆ ಅಕ್ಕಪಕ್ಕದ ಎಲೆಗಳ ಗೆರೆ ಅಳಿಸಿಹೋಗುತ್ತದೆ. ಆ ಗೆರೆಯ ಆಳ ಎಷ್ಟೋ ಕಡೆ ಅರ್ಧ ಮಿ.ಮೀ. ಕೂಡ ಇರುವುದಿಲ್ಲ. ಮೇಜಿನ ಮೂಲ ಹೇಳುವ ಸಾಕ್ಷಿಯೇ ಅದು. ಮರಳುಕಾಗದ ಹಿಡಿದು ಪಾಲಿಶ್‌ಗೆ ಬರುವವರಿಗೆ ಮುಚ್ಚಳವನ್ನು ಒಪ್ಪಿಸಲೇಬೇಡಿ.

ಅಂಟು ಮರವಜ್ರವೇ ಇರಲಿ, ಅಂದರೆ ಚರ್ಮ-ಮೂಳೆಯಿಂದ ತೆಗೆದು ಬಿಸಿ ಮಾಡಿ ಹಚ್ಚುವ ಹಳೆಯ ಅಂಟು. ಒಂದು ಪಾಲು ಹರಳಿಗೆ ಎರಡು ಪಾಲು ತಣ್ಣೀರು ಹಾಕಿ ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ. 70 ದಾಟಿದರೆ ಅಂಟಿನ ಬಲ ಇಳಿಯುತ್ತದೆ, ಕುದಿದರೆ ಎಸೆಯಿರಿ. ಬಿಳಿ ಫೆವಿಕಾಲ್ ಮತ್ತು ಸೂಪರ್‌ಗ್ಲೂ ಇಲ್ಲಿ ಬೇಡ. ಮುಂದೆ ಎಬ್ಬಿಸಬೇಕಾದಾಗ ಮರವಜ್ರ ಬೆಚ್ಚನೆಯ ತೇವಕ್ಕೆ ಬಿಡುತ್ತದೆ, ಅವು ಮರದ ನಾರನ್ನೂ ಕಿತ್ತುಕೊಂಡೇ ಬರುತ್ತವೆ. ಗುಳಿಯ ಹಳೆ ಅಂಟನ್ನು ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಮೆತ್ತಗೆ ಮಾಡಿ ತೆಗೆಯಿರಿ. ನೀರು ಪಕ್ಕದ ದಂತಕ್ಕೆ ಹರಿಯಬಾರದು, ತೆಳು ದಂತ ನೀರು ಕುಡಿದರೆ ಬಾಗುತ್ತದೆ.

ಎಲೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಇಸವಿ ಬರೆದು ಕೂರಿಸಿ. ನರದ ಗೆರೆ ಕೊರೆದು ಕಪ್ಪು ಮೇಣ ತುಂಬಿದರೆ ಮುಗಿಯಿತು. ಹೊಸ ಎಲೆ ಬೆಳ್ಳಗೆ ಎದ್ದು ಕಾಣುತ್ತದೆ ಎಂದು ಚಹಾದ ನೀರಲ್ಲಿ ನೆನೆಸುವುದಿದೆ. ಮೂಳೆಗೆ ತೊಂದರೆಯಿಲ್ಲ, ಕೂರಿಸುವ ಮೊದಲು ಮಾಡಿ ಪೂರ್ತಿ ಒಣಗಿಸಿ. ಪ್ಲಾಸ್ಟಿಕ್ಕಿನ ಎರಡು ಎಲೆ ಗಟ್ಟಿಯಾಗಿ ಕೂತಿದ್ದರೆ ಹಾಗೇ ಬಿಡಿ.

ಹೊಸದಾಗಿ ಉದುರುವುದನ್ನು ತಡೆಯುವುದು ಹೆಚ್ಚು ಮುಖ್ಯ. ಮರ ಅಗಲಕ್ಕೆ ಹಿಗ್ಗಿ ಕುಗ್ಗುತ್ತದೆ, ದಂತ ಅದೇ ಲೆಕ್ಕದಲ್ಲಿ ಜೊತೆಗೆ ಹೋಗುವುದಿಲ್ಲ, ನಡುವಿನ ಅಂಟು ಒಡೆಯುತ್ತದೆ. ಮಳೆಗಾಲದ ತೇವದಿಂದ ಎ.ಸಿ. ಕೋಣೆಯ ಒಣಹವೆಗೆ ತಂದಾಗ ಅತಿ ಹೆಚ್ಚು ಉದುರುತ್ತವೆ. ತೇವಾಂಶ ಶೇ. 45ರಿಂದ 55ರ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ಮುಖ್ಯ, ದಿಢೀರ್ ಏರಿಳಿತ ಇರಬಾರದು. ಕಿಟಕಿಯ ಬಿಸಿಲು ಬೀಳುವ ಕಡೆ ಇಡಬೇಡಿ: ಬೀಟೆ ಮಾಸಿ ಕಂದಾಗುತ್ತದೆ, ರೇಷ್ಮೆ ಪುಡಿಯಾಗುತ್ತದೆ. ಮರಕ್ಕೆ ವರ್ಷಕ್ಕೊಮ್ಮೆ ಜೇನುಮೇಣ ತೆಳ್ಳಗೆ. ತೆಂಗಿನೆಣ್ಣೆ, ಅಗಸೆ ಎಣ್ಣೆ ಹಚ್ಚಿದರೆ ದೂಳು ಹಿಡಿದು ಗೆರೆಗಳು ಕಪ್ಪು ಕಟ್ಟುತ್ತವೆ, ದಂತ ಹಳದಿಗಟ್ಟುತ್ತದೆ. ಬೆಳ್ಳಗೆ ಮಾಡುತ್ತೇವೆಂದು ನಿಂಬೆರಸ, ಪೆರಾಕ್ಸೈಡ್ ಎಂದೂ ತಾಗಿಸಬೇಡಿ.

ನೂಲುಂಡೆ

ಬೋಲ್ಟ್ ಸ್ವಲ್ಪ ಅಲ್ಲಾಡುತ್ತದೆ. ಬಿಗಿ ಮಾಡಬಹುದೇ? ಹಳೆ ಮಾದರಿಯ ಬೀಟೆ ಬುಡ ಹೊಸದಾಗಿ ಮಾಡಿಸಿದರೆ ಸರಿಯಾದೀತೇ?

ಹಳೆಮರ

ಬೋಲ್ಟನ್ನು ಕೈಯಿಂದ ತಿರುಗುವಷ್ಟು ಮಾತ್ರ ಬಿಗಿ ಮಾಡಿ, ಸ್ಪ್ಯಾನರ್ ಬೇಡ. ಕಂಬದ ತುದಿಯಲ್ಲಿ ಮರ ತೆಳುವಾಗಿದೆ, ಅದರಲ್ಲೂ ಬೆಣೆ ಹೊಡೆದ ಮೂರು ತೂತು ಇವೆ, ಸೀಳಿದರೆ ಮೇಲಿನವರೆಗೂ ಹೋಗುತ್ತದೆ. ಅಲ್ಲಾಟ ಉಳಿದರೆ ಕಂಬಕ್ಕೂ ಅದರ ಕೆಳಗಿನ ಬುಡಕ್ಕೂ ನಡುವೆ 1 ಮಿ.ಮೀ. ಚರ್ಮದ ಬಿಲ್ಲೆ ಇಡಿ, ಅಂಟು ಹಾಕಬೇಡಿ.

ಹೊಸ ಬುಡ ಮಾಡಿಸಬೇಡಿ. ಈಗಿನದು ಭಾರ ಹೊರುತ್ತಿದ್ದರೆ ಅದೂ ಈ ಮೇಜಿನ ಚರಿತ್ರೆಯ ಪಾಲೇ. ಹೊಸ ಬೀಟೆ ಬುಡ ಬಂದರೆ ಮುಂದೆ ನೋಡುವವರಿಗೆ ಎರಡು ಕಾಲ ಬಿಡಿಸುವುದು ಕಷ್ಟವಾಗುತ್ತದೆ. ಮೂರು ಹಳೆಯ ತೂತುಗಳ ನಡುವಿನ ಅಂತರ, ವ್ಯಾಸ ಅಳೆದು ಇಲ್ಲಿ ಹಾಕಿ. ಮೂರೂ ಸಮದೂರದಲ್ಲಿದ್ದರೆ ಹಳೆಯ ಬುಡಕ್ಕೆ ಮೇಲ್ಗಡೆ ಒಂದು ದುಂಡು ಫಲಕವಿತ್ತು, ಅದರ ಮೂಲಕ ಸ್ಕ್ರೂ ಹಾಕಿದ್ದರು ಎಂದಾಗುತ್ತದೆ. ಕಂಬದ ತಳದಲ್ಲಿ ಆ ಫಲಕದ ಅಚ್ಚು ಬಣ್ಣದ ವ್ಯತ್ಯಾಸವಾಗಿ ಉಳಿದಿರಬೇಕು. ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದು ನೋಡಿ.